ಗಣಿತ ಪೀರಿಯಡ್ಡಿನ ಕೊನೆಯ ಆರು ನಿಮಿಷ

ನಾನು ಮೊದಲ ಸಲ ಮಕ್ಕಳಿಂದ ಕಲಿಕಾ ಡೈರಿ ಬರೆಸಿದ್ದು ಭಾರೀ ಗೌಜಿಯಲ್ಲಿ. ಏಳನೇ ಕ್ಲಾಸಿನ 34 ಮಕ್ಕಳಿಗೆ 34 ಹೊಸ ನೋಟ್‌ಬುಕ್. ಎಲ್ಲದಕ್ಕೂ ಬ್ರೌನ್ ಬೈಂಡು, ಮೇಲೆ ಲೇಬಲ್. ಪ್ರತಿ ಶುಕ್ರವಾರ ಒಂದು ಪುಟ ಬರೆಯಬೇಕು. ಪ್ರಶ್ನೆ ಒಂದೇ: ಈ ವಾರ ಗಣಿತದಲ್ಲಿ ಏನು ಕಲಿತೆ?

ಮೊದಲ ಶುಕ್ರವಾರ ಸಂಜೆ ಆ ನೋಟ್‌ಬುಕ್ಕಿನ ಕಟ್ಟನ್ನು ಕಾಪುವಿನ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ. ಕಾಫಿ ಮಾಡಿಕೊಂಡು ಓದಲು ಕೂತೆ. "ಈ ವಾರ ನಾನು ಭಿನ್ನರಾಶಿಗಳ ಸಂಕಲನವನ್ನು ಕಲಿತೆನು. ಅದು ತುಂಬಾ ಉಪಯುಕ್ತವಾಗಿದೆ. ಟೀಚರ್ ಚೆನ್ನಾಗಿ ಅರ್ಥ ಮಾಡಿಸಿದರು." ಎರಡನೆಯದ್ದೂ ಹಾಗೇ. ಹತ್ತನೆಯದ್ದೂ ಹಾಗೇ. ಒಂದು ಬೆಂಚಿನ ನಾಲ್ವರೂ "ಉಪಯೂಕ್ತ" ಎಂದೇ ಬರೆದಿದ್ದರು. ಯಾರದ್ದನ್ನು ಯಾರು ನೋಡಿ ಬರೆದರು ಅಂತ ಕೇಳುವುದೇ ಬೇಡ.

ಸೋಮವಾರ ಬೋರ್ಡಿನ ಮೇಲೆ 2/3 + 1/4 ಬರೆದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಉತ್ತರ 3/7.

ಇದರಲ್ಲಿ ಮಕ್ಕಳ ತಪ್ಪು ಇರಲಿಲ್ಲ. ನಾನು ಕೇಳಿದ ಪ್ರಶ್ನೆ ಹಾಗಿತ್ತು. "ಏನು ಕಲಿತೆ" ಅಂತ ಟೀಚರೇ ಎದುರು ನಿಂತು ಕೇಳಿದರೆ ಮಕ್ಕಳು ಪಾಠದ ಹೆಸರು ಬರೆಯುತ್ತಾರೆ, ಜೊತೆಗೊಂದು ಥ್ಯಾಂಕ್ಸ್ ಹಾಕುತ್ತಾರೆ. ಅದಕ್ಕಿಂತ ಜಾಸ್ತಿ ನಾನು ಕೇಳಿಯೂ ಇರಲಿಲ್ಲ.

ಆ ನೋಟ್‌ಬುಕ್‌ಗಳು ಆಮೇಲೆ ರಫ್ ಬುಕ್ ಆದವು. ಈಗ ನಾನು ಮಾಡುವ ಕ್ರಮ ಬೇರೆ: ಪೀರಿಯಡ್ಡಿನ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ, ಎರಡು ಸಾಲಿನ ಉತ್ತರವನ್ನು ಚೀಟಿಯಲ್ಲಿ ಬರೆಸುವುದು. ಆರು, ಏಳು, ಎಂಟನೇ ಕ್ಲಾಸಿಗೆ ಗಣಿತ ಹೇಳಿಕೊಡುವ ಯಾರೂ ಮಾಡಬಹುದು. ಮನೆಯಲ್ಲಿ ಕೂತು ಓದಿಸುವ ಅಪ್ಪ ಅಮ್ಮನಿಗೂ ಸ್ವಲ್ಪ ಕೆಲಸ ಇದೆ, ಅದನ್ನು ಮುಂದೆ ಹೇಳುತ್ತೇನೆ. ನನ್ನ ಮಟ್ಟಿಗೆ ನಿಯಮ ಒಂದೇ. ಮಕ್ಕಳು ಇವತ್ತು ಬರೆದದ್ದು ನಾಳೆಯ ಪಾಠವನ್ನು ಒಂದು ಚೂರಾದರೂ ಬದಲಾಯಿಸಬೇಕು. ಬದಲಾಯಿಸುವುದಿಲ್ಲ ಅಂತಾದರೆ ಬರೆಸುವುದೇ ಬೇಡ, ಆ ಹೊತ್ತಿಗೆ ಇನ್ನೆರಡು ಲೆಕ್ಕ ಮಾಡಿಸಿ.

ಮೊದಲು ಸಮಯ ಹೊಂದಿಸಿ

ಪೀರಿಯಡ್ 40 ನಿಮಿಷದ್ದಾದರೆ 34ನೇ ನಿಮಿಷಕ್ಕೆ ಚಾಕ್ ಕೆಳಗಿಡಿ. ಅರ್ಧ ಲೆಕ್ಕದಲ್ಲಿದ್ದರೂ ಇಡಿ. ಬೆಲ್ ಆದ ಮೇಲೆ "ಎರಡು ನಿಮಿಷ, ಇದೊಂದು ಬರೆದು ಹೋಗಿ" ಅಂದರೆ ಕೆಲಸ ಕೆಟ್ಟಿತು. ಅಷ್ಟರಲ್ಲಿ ಮಕ್ಕಳ ಒಂದು ಕಾಲು ಬಾಗಿಲಿನ ಹೊರಗೆ ಇರುತ್ತದೆ.

ದಿನಾ ಬೇಡ. ವಾರಕ್ಕೆ ಎರಡು ಸಲ ಧಾರಾಳ. ನಾನು ಮಂಗಳವಾರ ಮತ್ತು ಗುರುವಾರ ಮಾಡುತ್ತೇನೆ. ಶುಕ್ರವಾರ ಬರೆಸಿದರೆ ಓದಿ ಉತ್ತರ ಕೊಡುವ ಹೊತ್ತಿಗೆ ಶನಿವಾರ, ಭಾನುವಾರ ಕಳೆದು ಮಕ್ಕಳಿಗೆ ಬರೆದದ್ದೇ ಮರೆತಿರುತ್ತದೆ. ಜುಲೈಯಲ್ಲಿ ಮಳೆ ರಜೆ ಸಿಕ್ಕಿದರೆ ಸೋಮವಾರವೂ ಹೋಯಿತು.

ಮಳೆಯ ಮಾತು ಬಂತಲ್ಲ, ಒಂದು ಉಪಾಯ ಹೇಳುತ್ತೇನೆ. ನಮ್ಮ ಕಡೆ ಶೀಟ್ ಹಾಕಿದ ಮಾಡಿನ ಕ್ಲಾಸ್‌ರೂಮ್ ಇನ್ನೂ ಬೇಕಾದಷ್ಟಿವೆ. ಮಳೆ ಜೋರಾದರೆ ಟೀಚರ್ ಬೊಬ್ಬೆ ಹೊಡೆದರೂ ಮೂರನೇ ಬೆಂಚಿಗೆ ಕೇಳುವುದಿಲ್ಲ. ಗಂಟಲು ಹರಿದುಕೊಳ್ಳುವ ಬದಲು ಬೋರ್ಡಿನ ಮೇಲೆ ಪ್ರಶ್ನೆ ಬರೆದು ಸುಮ್ನೆ ಕೂತುಬಿಡಿ. ನನ್ನ ಹತ್ತಿರ ಇರುವ ಒಳ್ಳೆಯ ಚೀಟಿಗಳಲ್ಲಿ ಎಷ್ಟೋ ಅಂಥ ಹೊತ್ತಿನಲ್ಲಿ ಬರೆದವು.

ಕಾಗದ: ಒಂದು ಮಗ್ಗುಲು ಖಾಲಿ ಇರುವ ಹಳೆಯ ಹಾಳೆಯನ್ನು ಅರ್ಧ ಹರಿದರೆ ಸಾಕು. ಪುಸ್ತಕ ಕೊಟ್ಟರೆ ಮಕ್ಕಳು ಅಕ್ಷರ ಚೆಂದ ಮಾಡಲು ಹೋಗುತ್ತಾರೆ, ಚೀಟಿ ಕೊಟ್ಟರೆ ನಿಜ ಬರೆಯುತ್ತಾರೆ. ಯಾಕೋ ಗೊತ್ತಿಲ್ಲ, ಹಾಗೇ ಆಗುತ್ತದೆ.

ಪ್ರಶ್ನೆ ಕೇಳುವುದು: ಇಲ್ಲಿ ಅವಸರ ಬೇಡ

ಪೂರ್ತಿ ಕೆಲಸ ನಿಂತಿರುವುದು ಪ್ರಶ್ನೆಯ ಮೇಲೆ. ಎರಡು ಸಾಲಿನಲ್ಲಿ ಉತ್ತರ ಬರೆಯುವ ಹಾಗಿರಬೇಕು. ಪಕ್ಕದವನದ್ದನ್ನು ನೋಡಿ ಬರೆದರೆ ಉಪಯೋಗ ಇಲ್ಲದ ಹಾಗಿರಬೇಕು. "ಅರ್ಥ ಆಯಿತು ಟೀಚರ್" ಅಂತ ಬರೆದು ತಪ್ಪಿಸಿಕೊಳ್ಳಲು ದಾರಿ ಇರಬಾರದು.

ನಾನು ಹೆಚ್ಚು ಕೇಳುವುದು ಇದನ್ನು: "ಇವತ್ತಿನ ಲೆಕ್ಕದಲ್ಲಿ ಯಾವ ಸಾಲಿಗೆ ಬಂದಾಗ ನಿನ್ನ ಪೆನ್ನು ನಿಂತಿತು? ಆ ಸಾಲನ್ನೇ ಬರೆ." ಕಾರಣ ಕೇಳುವುದಿಲ್ಲ, ಸಾಲು ಮಾತ್ರ ಕೇಳುತ್ತೇನೆ. ಹನ್ನೆರಡು ವರ್ಷದ ಮಗುವಿಗೆ ತನಗೆ ಯಾಕೆ ಅರ್ಥ ಆಗಲಿಲ್ಲ ಅಂತ ಹೇಳಲು ಬರುವುದಿಲ್ಲ. ಎಲ್ಲಿ ನಿಂತಿತು ಅಂತ ಬೆರಳಿಟ್ಟು ತೋರಿಸಲು ಬರುತ್ತದೆ.

ಇನ್ನೊಂದು, ತಪ್ಪು ಉತ್ತರವನ್ನೇ ಎದುರಿಗಿಡುವುದು. "ಒಬ್ಬ 2/3 + 1/4 = 3/7 ಅಂತ ಮಾಡಿದ್ದಾನೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯದೆ, ಲೆಕ್ಕವನ್ನೇ ಮಾಡದೆ, ಇದು ತಪ್ಪು ಅಂತ ಅವನಿಗೆ ಹೇಗೆ ತೋರಿಸುತ್ತಿ?" ಈ ಪ್ರಶ್ನೆಗೆ ಮೊದಲ ಸಲ ಖಾಲಿ ಚೀಟಿಗಳೇ ಜಾಸ್ತಿ ಬಂದವು. ಒಂದು ಚೀಟಿಯಲ್ಲಿ ಮಾತ್ರ ಹೀಗಿತ್ತು: "3/7 ಅರ್ಧಕ್ಕಿಂತ ಕಡಿಮೆ. 2/3 ಅರ್ಧಕ್ಕಿಂತ ಜಾಸ್ತಿ. ಕೂಡಿಸಿದ ಮೇಲೆ ಕಡಿಮೆ ಆಗುವುದು ಹೇಗೆ?" ಮರುದಿನದ ಪಾಠ ಆ ಮೂರು ವಾಕ್ಯದಿಂದಲೇ ಶುರುವಾಯಿತು. ಸರಿಯುತ್ತರ 11/12 ಅಂತ ನಾನು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಅದು ಮಾಡಿತು. ಅಂಶಕ್ಕೆ ಅಂಶ (ಮೇಲಿನ ಸಂಖ್ಯೆ), ಛೇದಕ್ಕೆ ಛೇದ (ಕೆಳಗಿನ ಸಂಖ್ಯೆ) ಕೂಡಿಸುವವರು ಪೂರ್ತಿ ಇಲ್ಲವಾಗಲಿಲ್ಲ. ಆದರೆ ಉತ್ತರ ಬರೆದ ಮೇಲೆ "ಅರ್ಧಕ್ಕಿಂತ ಜಾಸ್ತಿಯಾ ಕಡಿಮೆಯಾ" ಅಂತ ತಮ್ಮಷ್ಟಕ್ಕೆ ಗೊಣಗುವವರು ನಾಲ್ಕೈದು ಮಂದಿ ಹುಟ್ಟಿಕೊಂಡರು.

ಮೂರನೆಯದ್ದು ಅರ್ಧ ವಾಕ್ಯ. "ಮೊದಲು ನಾನು ... ಅಂತ ಅಂದುಕೊಂಡಿದ್ದೆ, ಈಗ ..." ಇದನ್ನು ಪೂರ್ತಿ ಮಾಡಬೇಕು. ಆರನೇ ಕ್ಲಾಸಿನ ದಶಮಾಂಶಕ್ಕೆ ಇದು ಚೆನ್ನಾಗಿ ಹೊಂದುತ್ತದೆ. 0.35 ದೊಡ್ಡದಾ 0.5 ದೊಡ್ಡದಾ ಅಂದರೆ ಬಹಳ ಮಕ್ಕಳು 0.35 ಅನ್ನುತ್ತಾರೆ, 5ಕ್ಕಿಂತ 35 ದೊಡ್ಡದಲ್ವಾ! ಮೊದಲೆಲ್ಲ ಇದಕ್ಕೆ ಪೈಸೆಯ ಉದಾಹರಣೆ ಕೊಡುತ್ತಿದ್ದೆ. ಈಗಿನ ಮಕ್ಕಳು ಐವತ್ತು ಪೈಸೆಯ ನಾಣ್ಯ ಕಂಡವರಲ್ಲ, ಹಾಗಾಗಿ ಟೈಲರ್ ಟೇಪು ಹಿಡಿದು ಅರ್ಧ ಮೀಟರ್ ಎಲ್ಲಿ, 35 ಸೆಂಟಿಮೀಟರ್ ಎಲ್ಲಿ ಅಂತ ತೋರಿಸುತ್ತೇನೆ. ಆಮೇಲೆ ಬಂದ ಒಂದು ಚೀಟಿ: "ಮೊದಲು ನಾನು ಬಿಂದು ಆದ ಮೇಲೆ ಜಾಸ್ತಿ ಅಂಕೆ ಇದ್ದರೆ ದೊಡ್ಡದು ಅಂತ ಅಂದುಕೊಂಡಿದ್ದೆ, ಈಗ ಮೊದಲನೇ ಮನೆಯಲ್ಲಿ ಯಾರಿದ್ದಾರೆ ಅಂತ ನೋಡುತ್ತೇನೆ." ಪಠ್ಯದ ಮಾತಿಗಿಂತ ಇದು ಚೆಂದ ಇದೆ ಅಲ್ವಾ?

ಏಳನೇ ಕ್ಲಾಸಿನಲ್ಲಿ ಪೂರ್ಣಾಂಕ ಬರುವಾಗ ಕೇಳುವುದು: "ಮೈನಸ್ ಮೈನಸ್ ಪ್ಲಸ್ ಅನ್ನುವ ಮಾತು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ? ಒಂದೊಂದು ಉದಾಹರಣೆ." −3 − 5ಕ್ಕೆ −8ರ ಬದಲು 8 ಅಂತ ಬರೆಯುವ ಮಕ್ಕಳಿಗೆ ನಿಯಮ ಗೊತ್ತಿಲ್ಲ ಅಂತ ಅಲ್ಲ. ನಿಯಮ ಅತಿಯಾಗಿ ಗೊತ್ತಿದೆ. ಎಂಟನೇ ಕ್ಲಾಸಿಗೆ: "3x + 2 ಅನ್ನು 5x ಅಂತ ಬರೆದವನಿಗೆ xನ ಜಾಗದಲ್ಲಿ 10 ಹಾಕಿ ತೋರಿಸು." 32 ಒಂದು ಕಡೆ, 50 ಒಂದು ಕಡೆ. ಅಲ್ಲಿಗೆ ಮಾತು ಮುಗಿಯಿತು.

ಅಜ್ಜಿ ಪರೀಕ್ಷೆ

ಇದು ನಮ್ಮ ಕ್ಲಾಸಿನದೇ ಹೆಸರು. ವಿಲೋಮ ಅನುಪಾತದ (ಒಂದು ಹೆಚ್ಚಾದಷ್ಟೂ ಇನ್ನೊಂದು ಕಡಿಮೆಯಾಗುವ ಲೆಕ್ಕ) ಪಾಠದಲ್ಲಿ ಹುಟ್ಟಿದ್ದು. ಲೆಕ್ಕ ಹೀಗಿತ್ತು: 6 ಜನ ನೇಜಿ (ಭತ್ತದ ಸಸಿ) ನೆಟ್ಟರೆ ಗದ್ದೆ ಮುಗಿಯಲು 12 ದಿನ ಬೇಕು, 9 ಜನ ನೆಟ್ಟರೆ ಎಷ್ಟು ದಿನ? ಮುಕ್ಕಾಲು ಪಾಲು ಮಕ್ಕಳು 18 ಅಂದರು. ಹಿಂದಿನ ವಾರವೆಲ್ಲ ನೇರ ಅನುಪಾತ ಮಾಡಿದ್ದರಲ್ಲ, ಕೈ ಅದೇ ದಾರಿ ಹಿಡಿದಿತ್ತು.

ತಪ್ಪು ಅಂತ ನಾನು ಹೇಳಲಿಲ್ಲ. ಚೀಟಿ ಹಂಚಿ ಬೋರ್ಡಿನ ಮೇಲೆ ಬರೆದೆ: "ನಿನ್ನ ಉತ್ತರವನ್ನು ಮನೆಗೆ ಹೋಗಿ ಅಜ್ಜಿಗೆ ಹೇಳಿದರೆ ಅವರು ಎಂತ ಹೇಳಿಯಾರು?"

ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದ: "ಅಜ್ಜಿ ಬೈಯುತ್ತಾರೆ. ಜಾಸ್ತಿ ಜನ ಬಂದು ಜಾಸ್ತಿ ದಿನ ಮಾಡಿದರೆ ಊಟ ಹಾಕಿದ್ದು ದಂಡ." ಅದರ ಕೆಳಗೆ 18ನ್ನು ಹೊಡೆದು ಹಾಕಿ 8 ಅಂತ ಬರೆದಿದ್ದ. ದಾರಿ ಬರೆದಿರಲಿಲ್ಲ. ಮರುದಿನ ಕೇಳಿದರೆ, "6 ಜನ 12 ದಿನ ಅಂದರೆ 72 ಜನರ ಕೂಲಿ ಟೀಚರ್. ಅದನ್ನು 9 ಜನರಿಗೆ ಹಂಚಿದ್ದು" ಅಂದ. ಕೂಲಿ ಕೊಡುವ ಮನೆಯ ಮಗು.

ಅಂದಿನಿಂದ ಯಾವ ಲೆಕ್ಕ ಮುಗಿದರೂ ಯಾರಾದರೊಬ್ಬರು "ಅಜ್ಜಿ ಪಾಸ್?" ಅಂತ ಕೇಳುತ್ತಾರೆ. ಬಸ್ಸಿನ ವೇಗ ಗಂಟೆಗೆ 600 ಕಿಲೋಮೀಟರ್ ಬಂದರೆ ಅಜ್ಜಿ ಫೇಲ್ ಮಾಡುತ್ತಾರೆ. (ನಮ್ಮ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನಲ್ಲಿ ಹೋದವರಿಗೆ ಸ್ವಲ್ಪ ಸಂಶಯ ಬರಬಹುದು, ಅದು ಬೇರೆ.) ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಬಂದ ತನ್ನ 'ಹೌ ಟು ಸಾಲ್ವ್ ಇಟ್' ಪುಸ್ತಕದಲ್ಲಿ ಲೆಕ್ಕ ಬಿಡಿಸಲು ನಾಲ್ಕು ಹಂತ ಹೇಳಿದ್ದಾನೆ: ಲೆಕ್ಕ ಏನು ಕೇಳುತ್ತಿದೆ ಅಂತ ತಿಳಿದುಕೊಳ್ಳುವುದು, ದಾರಿ ಯೋಚಿಸುವುದು, ಆ ದಾರಿಯಲ್ಲಿ ಹೋಗುವುದು, ಕೊನೆಗೆ ತಿರುಗಿ ನೋಡುವುದು. ಮೊದಲ ಮೂರನ್ನು ನಾವು ಹೇಗೋ ಮಾಡಿಸುತ್ತೇವೆ. ನಾಲ್ಕನೆಯದ್ದಕ್ಕೆ ಬರುವಷ್ಟರಲ್ಲಿ ಉತ್ತರದ ಕೆಳಗೆ ಎರಡು ಗೆರೆ ಎಳೆದು ಆಗಿರುತ್ತದೆ. ಆ ನಾಲ್ಕನೇ ಹಂತಕ್ಕೆ ನಮ್ಮಲ್ಲಿ ಅಜ್ಜಿ ಕೂತಿದ್ದಾರೆ, ಅಷ್ಟೇ.

ನೀವು ಮೊದಲು ಬರೆದು ತೋರಿಸಿ

ಮೊದಲ ವಾರ ಮಕ್ಕಳಿಗೆ ಏನು ಬರೆಯಬೇಕು ಅಂತ ಗೊತ್ತಾಗುವುದಿಲ್ಲ. ತಪ್ಪನ್ನು ಬರೆದರೆ ಬೈಗುಳ ಸಿಗುತ್ತದೆ ಅಂತ ಹೆದರಿಕೆಯೂ ಇರುತ್ತದೆ, ಅಷ್ಟು ವರ್ಷ ಸಿಕ್ಕಿದ್ದು ಅದೇ. ಹಾಗಾಗಿ ನಿಮ್ಮದನ್ನು ಬೋರ್ಡಿನ ಮೇಲೆ ಬರೆಯಿರಿ. ನಾನು ಬರೆದದ್ದು: "ಅಂಗಡಿಯವನು 20% ಬೆಲೆ ಏರಿಸಿ ಆಮೇಲೆ 20% ಇಳಿಸಿದರೆ ಮೊದಲಿನ ಬೆಲೆಯೇ ಅಂತ ನಾನು ಕಾಲೇಜು ಮುಗಿಸುವವರೆಗೂ ನಂಬಿದ್ದೆ." ನಿಜವಾಗಿಯೂ ನಂಬಿದ್ದೆ. 100 ರೂಪಾಯಿ 120 ಆಗಿ, 120ರ 20% ಅಂದರೆ 24 ಕಳೆದು 96ಕ್ಕೆ ಬರುತ್ತದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ದಿನದ ಚೀಟಿಗಳು ಅದರ ಹಿಂದಿನವಕ್ಕಿಂತ ಉದ್ದ ಇದ್ದವು.

ಬೇಕೆಂದೇ ಸುಳ್ಳು ತಪ್ಪು ಕಟ್ಟಿ ಹೇಳಬೇಡಿ. ಮಕ್ಕಳು ಅದನ್ನು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ.

ಯಾವ ಭಾಷೆ?

ಬರುವ ಭಾಷೆ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಮಾತಾಡುವವರು ಹೆಚ್ಚು. ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡದವರೂ ಇದ್ದಾರೆ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. "ಗೊತ್ತುಜ್ಜಿ" (ಗೊತ್ತಿಲ್ಲ) ಅಂತ ಕನ್ನಡ ಅಕ್ಷರದಲ್ಲಿ ತುಳು ಬರೆದರೆ ಬರೆಯಲಿ. ಕಾಗುಣಿತ ತಿದ್ದಬೇಡಿ. ಚಿತ್ರ ಬರೆದು ಬಾಣ ಹಾಕಿದರೂ ಸರಿ. ಆ ಚೀಟಿಯ ಮಟ್ಟಿಗೆ ನೀವು ಗಣಿತದ ಟೀಚರ್, ಭಾಷೆಯ ಟೀಚರ್ ಅಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಎಷ್ಟೋ ಸಲ ಮಗುವಿಗೆ ಗಣಿತ ಬರುತ್ತದೆ, ಅದನ್ನು ಹೇಳುವ ಇಂಗ್ಲಿಷ್ ಬರುವುದಿಲ್ಲ. ನಾವು ಎರಡನ್ನೂ ಒಂದೇ ಅಂತ ತಿಳಿದು ಮಾರ್ಕ್ಸ್ ಕಳೆಯುತ್ತೇವೆ.

ಓದುವುದು ಹೇಗೆ

34 ಚೀಟಿ ಓದಲು ನನಗೆ ಹತ್ತು ನಿಮಿಷ ಸಾಕು. ಮೇಜಿನ ಮೇಲೆ ಮೂರು ರಾಶಿ ಮಾಡುತ್ತೇನೆ: ದಾರಿ ಸಿಕ್ಕಿದವರು, ಅರ್ಧ ದಾರಿಯಲ್ಲಿ ಇರುವವರು, ಏನೂ ಬರೆಯದವರು ಅಥವಾ ಬರೆದದ್ದು ನನಗೆ ತಿಳಿಯದವರು. ಕೆಂಪು ಪೆನ್ನು ಮುಟ್ಟುವುದಿಲ್ಲ. ಮಾರ್ಕ್ಸ್ ಇಲ್ಲ, ಸ್ಟಾರ್ ಇಲ್ಲ, ಗುಡ್ ಇಲ್ಲ. ಒಂದು ಸಲ ಗುಡ್ ಹಾಕಿ ನೋಡಿದೆ. ಮುಂದಿನ ವಾರ ಎಲ್ಲರೂ ಗುಡ್ ಸಿಕ್ಕಿದವಳ ಹಾಗೇ ಬರೆದರು.

ನಡುವಿನ ರಾಶಿಯಿಂದ ಒಂದು ಚೀಟಿ ಆರಿಸಿ. ಮರುದಿನ ಮೊದಲ ಐದು ನಿಮಿಷ ಅದಕ್ಕೆ. ಹೆಸರು ಹೇಳದೆ ಅದರಲ್ಲಿರುವ ಸಾಲನ್ನು ಬೋರ್ಡಿನ ಮೇಲೆ ಬರೆದು, "ನಿನ್ನೆ ಒಬ್ಬರಿಗೆ ಇಲ್ಲಿ ಪೆನ್ನು ನಿಂತಿತು. ಯಾಕೆ ನಿಂತಿರಬಹುದು?" ಅಂತ ಕೇಳಿ. ಆ ಮಗುವಿಗೆ ತನ್ನದೇ ಅಂತ ಗೊತ್ತಿರುತ್ತದೆ. ಕೆಲವರು "ಅದು ನಂದು ಟೀಚರ್" ಅಂತ ತಾವೇ ಹೇಳಿಬಿಡುತ್ತಾರೆ. ಹೇಳದಿದ್ದರೆ ನೀವು ಆ ಕಡೆ ನೋಡಲೂ ಬೇಡಿ.

ಇಲ್ಲಿ ಒಂದು ಚೀಟಿಯ ಕಥೆ ಹೇಳಲೇಬೇಕು. ಶಂಕರಪುರದ ಕಡೆಯ ಒಬ್ಬ ಹುಡುಗಿ. ಮನೆಯಲ್ಲಿ ಮಲ್ಲಿಗೆ ಗಿಡ ಇದೆ. ಬೆಳಿಗ್ಗೆ ಅಮ್ಮನ ಜೊತೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟು ಶಾಲೆಗೆ ಬರುವವಳು. ಕೆಲವು ದಿನ ಮೊದಲ ಪೀರಿಯಡ್ಡಿಗೆ ತಡವಾಗುತ್ತಿತ್ತು. 2500 ಗ್ರಾಂ ಎಷ್ಟು ಕಿಲೋ ಅಂತ ಕೇಳಿದ ದಿನ ಅವಳ ಚೀಟಿಯಲ್ಲಿ ಇದ್ದದ್ದು: "ಗುಣಿಸಬೇಕಾ ಭಾಗಿಸಬೇಕಾ ಅಂತ ನನಗೆ ಯಾವಾಗಲೂ ಗೊತ್ತಾಗುವುದಿಲ್ಲ. ಕಿಲೋ ದೊಡ್ಡದು, ಹಾಗಾದರೆ ದೊಡ್ಡ ಸಂಖ್ಯೆ ಬರಬೇಕು ಅಂತ ಗುಣಿಸಿದೆ."

ಇದು ಸುಮ್ಮನೆ ಮಾಡಿದ ತಪ್ಪಲ್ಲ. ಅದರ ಹಿಂದೆ ಒಂದು ಯೋಚನೆ ಇದೆ. ಅಳತೆ ದೊಡ್ಡದಾದರೆ ಸಂಖ್ಯೆಯೂ ದೊಡ್ಡದಾಗಬೇಕು ಅಂತ ಅವಳ ಲೆಕ್ಕ. ಅವಳು ಬರೆಯದೆ ಹೋಗಿದ್ದರೆ ನಾನು "1000ದಿಂದ ಭಾಗಿಸು" ಅಂತ ಇನ್ನೊಂದು ಸಲ ಹೇಳಿ ಮುಂದೆ ಹೋಗುತ್ತಿದ್ದೆ, ಅವಳು ಇನ್ನೊಂದು ಸಲ ಮರೆಯುತ್ತಿದ್ದಳು.

ಮರುದಿನ ಹತ್ತಿರ ಕರೆದು ಕೇಳಿದೆ. "10 ಚೆಂಡು ಮಲ್ಲಿಗೆ ಅಂದರೆ ಎಷ್ಟು ಅಟ್ಟೆ?" ನಮ್ಮಲ್ಲಿ ಮಲ್ಲಿಗೆ ಮಾರುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ. 4 ಚೆಂಡಿಗೆ ಒಂದು ಅಟ್ಟೆ.

"ಎರಡೂವರೆ." ರೆಪ್ಪೆ ಬಡಿಯುವುದರ ಒಳಗೆ ಉತ್ತರ ಬಂತು.

"ಗುಣಿಸಿದೆಯಾ, ಭಾಗಿಸಿದೆಯಾ?"

ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಎರಡೂ ಇಲ್ಲ ಟೀಚರ್. ನಾಲ್ಕು ನಾಲ್ಕು ಒಟ್ಟು ಮಾಡಿದೆ."

"ಅಟ್ಟೆ ದೊಡ್ಡದಲ್ವಾ? ಸಂಖ್ಯೆ ಯಾಕೆ ಸಣ್ಣದಾಯಿತು?"

ಆ ಗುರುವಾರದ ಅವಳ ಚೀಟಿ ಈಗಲೂ ನನ್ನ ಡ್ರಾಯರಿನಲ್ಲಿದೆ. "ಗ್ರಾಂ ಅಂದರೆ ಚೆಂಡು. ಕಿಲೋ ಅಂದರೆ ಅಟ್ಟೆ. ಸಣ್ಣದನ್ನು ಸೇರಿಸಿ ಸೇರಿಸಿ ಕಟ್ಟು ಮಾಡಿದರೆ ಕಟ್ಟಿನ ಸಂಖ್ಯೆ ಕಡಿಮೆ ಇರುತ್ತದೆ." ಮೀಟರ್, ಲೀಟರ್, ನಿಮಿಷ, ಗಂಟೆ ಎಲ್ಲದಕ್ಕೂ ಅವಳು ಆಮೇಲೆ ಅದನ್ನೇ ಹಾಕಿದಳು. ಈಗ ನಾನೂ ಪ್ರತಿ ವರ್ಷ ಆ ಪಾಠವನ್ನು ಚೆಂಡು, ಅಟ್ಟೆಯಿಂದಲೇ ಶುರು ಮಾಡುತ್ತೇನೆ. ಮಲ್ಪೆಯ ಮಕ್ಕಳಿದ್ದರೆ ಮೀನಿನ ಬುಟ್ಟಿಯಿಂದ ಶುರು ಮಾಡಬಹುದು. ನಿಮ್ಮ ಊರಿನದ್ದು ನಿಮಗೇ ಗೊತ್ತುಂಟು.

ಪರೀಕ್ಷೆ ಪೇಪರ್ ಕೊಟ್ಟ ದಿನ

ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಪಾಠದ ನಡುವಿನ ಸಣ್ಣ) ಪರೀಕ್ಷೆ, ಎರಡು ಸಂಕಲನಾತ್ಮಕ (ಅವಧಿಯ ಕೊನೆಯ ದೊಡ್ಡ) ಪರೀಕ್ಷೆ. ಅಂದರೆ ಆರು ಸಲ ಪೇಪರ್ ಮಕ್ಕಳ ಕೈಗೆ ಬರುತ್ತದೆ. ಆರು ಸಲವೂ ನಡೆಯುವುದು ಒಂದೇ: ಮಾರ್ಕ್ಸ್ ನೋಡುವುದು, ಪಕ್ಕದವರದ್ದು ನೋಡುವುದು, ಮಡಚಿ ಬ್ಯಾಗಿಗೆ ಹಾಕುವುದು. ಆ ದಿನ ಒಂದು ಪೀರಿಯಡ್ ಪೂರ್ತಿ ಬೇರೆ ಕೆಲಸಕ್ಕೆ ಇಡಿ.

ಪೇಪರ್ ಕೊಡುವ ಮೊದಲು ಎಷ್ಟು ಬಂದಿರಬಹುದು ಅಂತ ಚೀಟಿಯಲ್ಲಿ ಬರೆಸಿ. ಆಮೇಲೆ ಪೇಪರ್ ಕೊಡಿ. ಮಾರ್ಕ್ಸ್ ಹೋದ ಪ್ರತಿ ಲೆಕ್ಕದ ಪಕ್ಕ ಮೂರರಲ್ಲಿ ಒಂದನ್ನು ಬರೆಯಬೇಕು: ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಕೈ ಜಾರಿತು, ಪ್ರಶ್ನೆ ಸರಿ ಓದಲಿಲ್ಲ. ಕೈ ಜಾರಿತು ಅಂತ ಬರೆದವರು ಯಾವ ಸಾಲಿನ ಯಾವ ಅಂಕೆಯಲ್ಲಿ ಅಂತ ಗೋಲ ಹಾಕಿ ತೋರಿಸಬೇಕು.

ಈ ಗೋಲ ಬಹಳ ಮುಖ್ಯ. ನಮ್ಮಲ್ಲಿ "ಕೇರ್‌ಲೆಸ್ ಮಿಸ್ಟೇಕ್" ಅನ್ನುವುದು ಎಲ್ಲರಿಗೂ ಪ್ರೀತಿಯ ಮಾತು. ಮಕ್ಕಳಿಗೆ, ಅಪ್ಪ ಅಮ್ಮನಿಗೆ, ನಮಗೂ. ಅದನ್ನು ಹೇಳಿದ ಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ. ಏಳನೇ ಕ್ಲಾಸಿನ ಒಬ್ಬ ಹುಡುಗನ ಪೇಪರಿನಲ್ಲಿ ಎಲ್ಲವೂ ಕೇರ್‌ಲೆಸ್. ಗೋಲ ಹಾಕಿಸಿ ನೋಡಿದರೆ ನಾಲ್ಕು ಗೋಲವೂ ಕಳೆಯುವ ಲೆಕ್ಕದಲ್ಲೇ ಇದ್ದವು, ಅದೂ ಸೊನ್ನೆ ಇರುವ ಕಡೆ. 5003ರಿಂದ 1786 ಕಳೆದರೆ 3217 ಬರಬೇಕು. ಅವನದ್ದು 4217. ಸೊನ್ನೆಗಳನ್ನು ಸರಿಯಾಗಿ 9 ಮಾಡಿಕೊಂಡಿದ್ದ, ಸಾಲ ಕೊಟ್ಟ 5 ಮಾತ್ರ 5 ಆಗಿಯೇ ಉಳಿದಿತ್ತು. ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಉಳಿದ ಒಂದು ಸಣ್ಣ ಕೊರತೆ. ಸಮೀಕರಣ ಬಿಡಿಸುವಾಗಲೂ, ಲಾಭ ನಷ್ಟ ಮಾಡುವಾಗಲೂ ಅದೇ ಬಂದು ಕಾಲು ಎಳೆಯುತ್ತಿತ್ತು. ಸರಿ ಮಾಡಲು ಎರಡು ಮಧ್ಯಾಹ್ನ ಸಾಕಾಯಿತು. ಒಂದೇ ಜಾಗದಲ್ಲಿ ಮೂರು ಸಲ ಕೈ ಜಾರಿದರೆ ಅದು ಕೈಯ ತಪ್ಪಲ್ಲ, ಆ ಜಾಗವನ್ನು ಹೋಗಿ ನೋಡಿ.

ಮನೆಯವರಿಗೆ

ಏಳನೇ ಕ್ಲಾಸಿನ ಗಣಿತ ನಮಗೆ ಬರುವುದಿಲ್ಲ ಟೀಚರ್, ಅದಕ್ಕೇ ಟ್ಯೂಷನ್‌ಗೆ ಹಾಕಿದ್ದು ಅಂತ ಎಷ್ಟೋ ತಾಯಂದಿರು ಹೇಳುತ್ತಾರೆ. ಬರದಿದ್ದರೆ ಒಳ್ಳೆಯದೇ. ಬರುವವರು ಮಗುವಿನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಾವೇ ಮಾಡಿಬಿಡುತ್ತಾರೆ. ಬರದವರು ಕೇಳಬಹುದು: "ಇದು ಎಂತದ್ದು, ನನಗೊಮ್ಮೆ ಹೇಳು ನೋಡುವ." ಮಗು ಹೇಳುತ್ತಾ ಹೋಗಿ ಒಂದು ಕಡೆ ತಡವರಿಸುತ್ತದೆ. ಅಲ್ಲಿ ಸುಮ್ಮನಿರಿ. ಐದು ಸೆಕೆಂಡ್ ಅಲ್ಲ, ಒಂದು ನಿಮಿಷ ಸುಮ್ಮನಿರಿ. ಆದರೂ ಬರದಿದ್ದರೆ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಹಾಕಿ ನಾಳೆ ಟೀಚರ್ ಹತ್ತಿರ ಕೇಳಲು ಹೇಳಿ ಕಳಿಸಿ. ಹೋಮ್‌ವರ್ಕ್ ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಆ ಚುಕ್ಕಿ ನನಗೆ ಬೇಕು.

ಎಷ್ಟು ಮಾರ್ಕ್ಸ್ ಅಂತ ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರೇ. ಎರಡನೇ ಪ್ರಶ್ನೆಯಾಗಿ ಕೇಳಿ ಅಷ್ಟೇ.

ಮಾಡಬಾರದ ಒಂದೆರಡು

ಚೀಟಿಗಳನ್ನು ಫೈಲ್ ಮಾಡಿ ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸಲು ಇಡಬೇಡಿ. ಫೋಟೋ ತೆಗೆದು ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಒಮ್ಮೆ ಹಾಕಿದರೆ ಮುಂದಿನ ವಾರದಿಂದ ಮಕ್ಕಳು ಗ್ರೂಪಿಗಾಗಿ ಬರೆಯುತ್ತಾರೆ. ಕೆಲವು ಸಲ ಚೀಟಿಯಲ್ಲಿ ಗಣಿತ ಬಿಟ್ಟು ಬೇರೆಯದು ಬರುತ್ತದೆ, ಮನೆಯದ್ದು, ಜಗಳದ್ದು. ಅದನ್ನು ಕ್ಲಾಸಿನಲ್ಲಿ ಎತ್ತಬೇಡಿ. ಮಗುವನ್ನು ಬೇರೆಯಾಗಿ ಮಾತಾಡಿಸಿ, ಹೆಡ್ ಟೀಚರಿಗೆ ಹೇಳುವಂಥದ್ದಾದರೆ ಅವರಿಗೆ ಮಾತ್ರ ಹೇಳಿ.

ಮಕ್ಕಳಿಗೆ ಅವರ ಚೀಟಿಗಳನ್ನು ವಾಪಸ್ ಕೊಡಿ. ನಾನು ದಸರಾ ರಜೆಯ ಹಿಂದಿನ ದಿನ ಜೂನ್‌ನಿಂದ ಸೇರಿಸಿಟ್ಟದ್ದನ್ನು ಒಂದೊಂದು ಕಟ್ಟು ಮಾಡಿ ಅವರ ಕೈಗೇ ಕೊಡುತ್ತೇನೆ. ಅವತ್ತು ಪಾಠ ಇಲ್ಲ, ಓದುವುದು ಮಾತ್ರ. "ಅಯ್ಯೋ, ಇದು ಸಹ ಗೊತ್ತಿರಲಿಲ್ವಾ ನಂಗೆ" ಅಂತ ಕ್ಲಾಸೆಲ್ಲ ನಗು.

ಖಾಲಿ ಚೀಟಿ ಬಂದರೆ

ಬರುತ್ತದೆ. ಪ್ರತಿ ಸಲ ಎರಡೋ ಮೂರೋ. ಗದರಿಸಬೇಡಿ, "ಏನಾದರೂ ಬರಿ" ಅಂತ ಒತ್ತಾಯವೂ ಬೇಡ. ಹೆಸರು ಮಾತ್ರ ಬರೆದು ಕೊಡಲಿ. ಬಿಸಿಯೂಟದ ಹೊತ್ತಿಗೆ ಆ ಮಗುವಿನ ಪಕ್ಕ ಕೂತು ಮೀನಿನ ಬಗ್ಗೆಯೋ, ಕ್ರಿಕೆಟ್ ಬಗ್ಗೆಯೋ ಮಾತಾಡಿ. ಚೀಟಿಯ ವಿಷಯ ಎತ್ತಬೇಡಿ.

ಒಬ್ಬ ಹುಡುಗ ಐದು ವಾರ ಖಾಲಿ ಕೊಟ್ಟ. ಹತ್ತು ಚೀಟಿ. ಹೆಸರು, ರೋಲ್ ನಂಬರ್, ಕೆಳಗೆ ಬಿಳಿ ಕಾಗದ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಇದ್ದದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದ. ನೋಟ್ಸ್ ನೋಡಿದರೆ ಜಾಣ ಅಂತಲೇ ಹೇಳಬೇಕು. ಆರನೇ ವಾರದ ಮಂಗಳವಾರ ಜೋರು ಮಳೆ, ಲೈಟ್ ಇರಲಿಲ್ಲ, ಮಕ್ಕಳು ಕಿಟಕಿಯ ಹತ್ತಿರ ಬಾಗಿ ಬರೆಯುತ್ತಿದ್ದರು. ಅವನ ಚೀಟಿಯಲ್ಲಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು.

"ಛೇದ ಅಂದರೆ ಎಂತ?"

ಎರಡು ವಾರದಿಂದ ದಿನಕ್ಕೆ ಇಪ್ಪತ್ತು ಸಲ ನಾನು ಆ ಪದ ಹೇಳಿದ್ದೆ. ಮರುದಿನ ಬೆಳಿಗ್ಗೆ ಬೋರ್ಡಿನ ಮೇಲೆ ಅದನ್ನೇ ಬರೆದು, ನಿನ್ನೆ ಒಬ್ಬರು ಇದನ್ನು ಕೇಳಿದ್ದಾರೆ, ಇನ್ನು ಯಾರಿಗೆ ಗೊತ್ತಿಲ್ಲ ಅಂದೆ. ಮೊದಲು ಯಾರೂ ಕೈ ಎತ್ತಲಿಲ್ಲ. ಆಮೇಲೆ ಮುಂದಿನ ಬೆಂಚಿನಲ್ಲಿ ಒಂದು ಕೈ. ಅದರ ಹಿಂದೆ ಇನ್ನೆರಡು. ಒಟ್ಟು ಏಳು ಕೈ ಎಣಿಸಿದೆ. ಅವನದ್ದು ಅದರಲ್ಲಿ ಇರಲಿಲ್ಲ, ತಿರುಗಿ ತಿರುಗಿ ಉಳಿದವರ ಕೈ ಎಣಿಸುತ್ತಿದ್ದ.